ಸೋಲಾರ್ ವಾಟರ್ ಹೀಟರ್ ಕೊಳ್ಳುವ ಮೊದಲು: ಸಬ್ಸಿಡಿ, ನೀರು, ಪೈಪು

"ಸಬ್ಸಿಡಿ ಇದೆ, ಈ ತಿಂಗಳೇ ಬುಕ್ ಮಾಡಿ" ಎಂದು ಯಾರಾದರೂ ಅವಸರ ಮಾಡಿದರೆ, ಯಾವ ಸಬ್ಸಿಡಿ ಎಂದು ಕೇಳಿ. ಸೋಲಾರ್ ವಾಟರ್ ಹೀಟರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯಧನ 2014ರಲ್ಲೇ ನಿಂತಿತು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ ಹಣ (1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲಿನದಕ್ಕೆ 78,000 ರೂಪಾಯಿ) ವಿದ್ಯುತ್ ತಯಾರಿಸುವ ಪ್ಯಾನೆಲ್‌ಗೆ ಮಾತ್ರ, ನೀರು ಕಾಯಿಸುವ ಹೀಟರಿಗಲ್ಲ. ಎರಡರಲ್ಲೂ 'ಸೋಲಾರ್' ಎಂಬ ಪದ ಇರುವುದರಿಂದ ಜನ ಮೋಸ ಹೋಗುತ್ತಾರೆ.

ಹೀಟರ್ ಕೊಳ್ಳುವವರಿಗೆ ನಿಜವಾಗಿ ತಟ್ಟುವ ಬದಲಾವಣೆ ತೆರಿಗೆಯದು. 2022ರ ಜುಲೈಯಲ್ಲಿ ಇದರ ಜಿಎಸ್‌ಟಿ ಶೇ. 5ರಿಂದ 12ಕ್ಕೆ ಏರಿತ್ತು. 2025ರ ಸೆಪ್ಟೆಂಬರ್ 22ರಿಂದ ಮತ್ತೆ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಕೈಯಲ್ಲಿದ್ದರೆ ಹೊಸದಾಗಿ ಬರೆಸಿಕೊಳ್ಳಿ.

ಇನ್ನು ಹೀಟರ್ ಇರುವ ಮನೆಗೆ ಕರೆಂಟ್ ಬಿಲ್ಲಿನ ರಿಯಾಯಿತಿ. ಕರ್ನಾಟಕದ ಎಸ್ಕಾಂಗಳ (ವಿದ್ಯುತ್ ವಿತರಣಾ ಕಂಪನಿಗಳ) ದರಪಟ್ಟಿಯಲ್ಲಿ ವರ್ಷಗಳ ಕಾಲ ಇದ್ದದ್ದು ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಕೆಇಆರ್‌ಸಿ (ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ) ದರ ಆದೇಶ ಬಂದಾಗೆಲ್ಲ ಈ ಸಾಲು ಬದಲಾಗಬಹುದು, ಹಾಗಾಗಿ ಚಾಲ್ತಿಯಲ್ಲಿರುವ ಆದೇಶವನ್ನೇ ನೋಡಿ. ಆದರೆ ಅದನ್ನು ನಂಬಿ ಹೀಟರ್ ಆರಿಸಬೇಡಿ. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಗೀಸರಿಗೆ ಸುಮಾರು 4 ಯೂನಿಟ್ ಬೇಕು, ತಿಂಗಳಿಗೆ 120. ಗೃಹಜ್ಯೋತಿ ಇರುವ ಮನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆ ಗಡಿಯೊಳಗೆ ನಿಮ್ಮನ್ನು ಉಳಿಸುವುದೇ ಹೀಟರಿನ ದೊಡ್ಡ ಲಾಭ, 50 ರೂಪಾಯಿ ಅದರ ಮುಂದೆ ಏನೂ ಅಲ್ಲ.

2007ರ ಸರ್ಕಾರಿ ಆದೇಶದ ಪ್ರಕಾರ ನಗರಗಳಲ್ಲಿ 1200 ಚದರಡಿ ಮತ್ತು ಮೇಲಿನ ನಿವೇಶನದಲ್ಲಿ 600 ಚದರಡಿಗಿಂತ ಹೆಚ್ಚು ಕಟ್ಟುವ ಹೊಸ ಮನೆಗೆ ಹೀಟರ್ ಕಡ್ಡಾಯ. ಕರೆಂಟ್ ಮೀಟರ್ ಸಿಕ್ಕರೆ ಸಾಕೆಂದು ಅತಿ ಅಗ್ಗದ 100 ಲೀಟರಿನದನ್ನು ತಾರಸಿಯ ಮೂಲೆಗೆ ಹಾಕಿಸಿ, ಐದು ಜನರ ಮನೆಯಲ್ಲಿ ಮತ್ತೆ ಗೀಸರ್ ಉರಿಸುವವರು ಬಹಳ. ಹಾಗೆ ಮಾಡಿದರೆ ಹಣ ಎರಡು ಸಲ ಹೋಗುತ್ತದೆ.

ಎಷ್ಟು ಲೀಟರ್ ಬೇಕು? 60 ಡಿಗ್ರಿಯ ನೀರಿಗೆ 22 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಯ 20 ಲೀಟರ್ ಬಕೆಟ್ ತುಂಬಲು ಬಿಸಿನೀರು ಸುಮಾರು 9.5 ಲೀಟರ್ ಸಾಕು. ಒಬ್ಬರಿಗೆ ಎರಡು ಬಕೆಟ್ ಎಂದರೆ 19. ಶವರ್‌ನಲ್ಲಿ ಹತ್ತು ನಿಮಿಷ ನಿಲ್ಲುವವರಿದ್ದರೆ ಇದು ದುಪ್ಪಟ್ಟಾಗುತ್ತದೆ. ಇದಕ್ಕೆ ಪೈಪಿನಲ್ಲಿ ಪೋಲಾಗುವುದನ್ನು ಸೇರಿಸಿ: ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್) ಪೈಪು 20 ಮೀಟರ್ ಇದ್ದರೆ ಅದರೊಳಗೇ ಸುಮಾರು 5 ಲೀಟರ್ ತಣ್ಣೀರು ನಿಂತಿರುತ್ತದೆ. ಎರಡು ಗಂಟೆಗೊಬ್ಬರು ಸ್ನಾನಕ್ಕೆ ಹೋದರೆ ಪ್ರತಿ ಸಲವೂ ಅಷ್ಟು ಚೆಲ್ಲಬೇಕು. ಬಚ್ಚಲು ಒಂದರ ಮೇಲೊಂದು ಇರುವ ಕಡೆಗೆ ಹೀಟರ್ ಕೂರಿಸಿ, ಬಿಸಿನೀರಿನ ಪೈಪಿಗೆ ಇನ್ಸುಲೇಷನ್ ಸುತ್ತಿಸಿ. ನಾಲ್ಕೈದು ಜನರ ಮನೆಗೆ 200 ಲೀಟರ್ ಸರಿಯಾದ ಅಳತೆ.

ನೀರಿನ ಪರೀಕ್ಷೆ ಮಾಡಿಸದೆ ಫ್ಲ್ಯಾಟ್ ಪ್ಲೇಟೋ (ಗಾಜಿನಡಿ ತಾಮ್ರದ ಕೊಳವೆಗಳಿರುವ ಚಪ್ಪಟೆ ಪೆಟ್ಟಿಗೆ) ಟ್ಯೂಬೋ (ಸಾಲಾಗಿ ಜೋಡಿಸಿದ ಗಾಜಿನ ಕೊಳವೆಗಳು) ಎಂದು ತೀರ್ಮಾನಿಸಬೇಡಿ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಿದ ಬೋರ್‌ವೆಲ್ ನೀರು ಫ್ಲ್ಯಾಟ್ ಪ್ಲೇಟಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಕೆಲವೇ ವರ್ಷಗಳಲ್ಲಿ ನೀರು ಉಗುರುಬೆಚ್ಚಗಾದರೂ ಹೆಚ್ಚು. ಅಂಥ ಕಡೆ ಟ್ಯೂಬ್ ಲೇಸು: ಗಾಜಿನ ಕೊಳವೆ ಅಗಲ, ಬಿಚ್ಚಿ ತೊಳೆಯಬಹುದು. ಕಾವೇರಿ ನೀರು ಬರುವ ಮನೆಯಲ್ಲಿ ತಾಮ್ರದ ಫ್ಲ್ಯಾಟ್ ಪ್ಲೇಟ್ ಹೆಚ್ಚು ಬಾಳುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರು ಮೃದು, ಆದರೆ ಹುಳಿ. ಪಿಎಚ್ 6.5ಕ್ಕಿಂತ ಕಡಿಮೆ ಇದ್ದರೆ ಗ್ಲಾಸ್ ಲೈನಿಂಗ್ ಟ್ಯಾಂಕ್ ಕೇಳಿ, ಒಳಗಿನ ಮೆಗ್ನೀಸಿಯಂ ಆನೋಡನ್ನು (ಟ್ಯಾಂಕಿನ ಬದಲು ತಾನು ಸವೆಯುವ ಸರಳು) ವರ್ಷಕ್ಕೊಮ್ಮೆ ತೆಗೆದು ನೋಡಿಸಿ. ಅದು ಸವೆದು ಮುಗಿದ ಮೇಲೆ ತುಕ್ಕು ಟ್ಯಾಂಕನ್ನೇ ತಿನ್ನತೊಡಗುತ್ತದೆ. ತಲೆ ಮೇಲೆ ತೆಂಗಿನ ಮರ ಇದ್ದರೆ, ಕೋತಿ ಕಾಟ ಇದ್ದರೆ ಟ್ಯೂಬ್ ಬೇಡ.

ಮಾರುವವರು ಅಳತೆಯಲ್ಲಿ ಕೈ ಬಿಗಿ ಹಿಡಿಯುವುದುಂಟು. 100 ಲೀಟರಿಗೆ ಫ್ಲ್ಯಾಟ್ ಪ್ಲೇಟ್ 2 ಚದರ ಮೀಟರ್, ಟ್ಯೂಬ್ ಆದರೆ 58 ಮಿಮೀ ದಪ್ಪ, 1800 ಮಿಮೀ ಉದ್ದದವು 10 ಇರಬೇಕು. 200 ಲೀಟರಿಗೆ 15 ಟ್ಯೂಬ್ ಎಂದರೆ ಟ್ಯೂಬಿನ ಉದ್ದ ಎಷ್ಟೆಂದು ಕೇಳಿ. ಐಎಸ್ಐ ಗುರುತು ನೋಡಿ: ಫ್ಲ್ಯಾಟ್ ಪ್ಲೇಟಿಗೆ ಐಎಸ್ 12933, ಗಾಜಿನ ಟ್ಯೂಬಿಗೆ ಐಎಸ್ 16543. ಟ್ಯೂಬಿನ ತುದಿಯಲ್ಲಿ ಬೆಳ್ಳಿ ಬಣ್ಣದ ಕನ್ನಡಿ ಇರುತ್ತದೆ. ಅದು ಹಾಲುಬಿಳಿಯಾಗಿದ್ದರೆ ನಿರ್ವಾತ ಹೋಗಿದೆ ಎಂದರ್ಥ, ವಾಪಸ್ ಕಳಿಸಿ.

ಹೀಟರಿನ ಮುಖ ದಕ್ಷಿಣಕ್ಕಿರಲಿ. ನೆರಳಿನ ಲೆಕ್ಕ ಡಿಸೆಂಬರಿನದು: ಬೆಂಗಳೂರಿನಲ್ಲಿ ಆಗ ಬೆಳಗ್ಗೆ 9ಕ್ಕೆ 3 ಮೀಟರ್ ಎತ್ತರದ ಮೆಟ್ಟಿಲಕೋಣೆಯ ನೆರಳು ವಾಯವ್ಯಕ್ಕೆ 5 ಮೀಟರಿಗೂ ಹೆಚ್ಚು ಚಾಚುತ್ತದೆ. ಮುಂದೆ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ ಹೀಟರನ್ನು ತಾರಸಿಯ ಉತ್ತರ ಅಂಚಿಗೆ ಕೂರಿಸಿ, ಅದರ ನೆರಳು ಪ್ಯಾನೆಲ್ ಮೇಲೆ ಅಷ್ಟಾಗಿ ಬೀಳದು. ಅದೇ 4 ಯೂನಿಟ್ ಶಾಖಕ್ಕೆ ಹೀಟರಿಗೆ 2 ಚದರ ಮೀಟರ್ ಸಾಕು, ಪ್ಯಾನೆಲ್‌ಗೆ ಐದಾರು ಬೇಕು. ಸಣ್ಣ ತಾರಸಿಗೆ ಹೀಟರೇ ಸರಿ.

ಜೋಡಣೆಯಲ್ಲಿ ಕೆಡುವುದು ಹೆಚ್ಚಾಗಿ ಪ್ಲಂಬಿಂಗ್. ತಣ್ಣೀರಿನ ಟ್ಯಾಂಕಿನ ತಳ ಹೀಟರ್ ಟ್ಯಾಂಕಿನ ನೆತ್ತಿಗಿಂತ ಕನಿಷ್ಠ ಒಂದಡಿ ಮೇಲಿರಲಿ. ಗಾಳಿ ಪೈಪು ತಣ್ಣೀರಿನ ಟ್ಯಾಂಕಿಗಿಂತಲೂ ಎತ್ತರ ಹೋಗಬೇಕು, ಅದರ ಬಾಯಿ ಎಂದೂ ಮುಚ್ಚಬಾರದು. ಹೀಟರಿಗೆ ಹೋಗುವ ತಣ್ಣೀರಿನ ಪೈಪಿನಿಂದ ಕಮೋಡ್‌ಗಾಗಲಿ ಗಿಡಗಳಿಗಾಗಲಿ ಕವಲು ತೆಗೆಯಬೇಡಿ, ಬಿಸಿನೀರು ಹಿಂದಕ್ಕೆ ಎಳೆದುಹೋಗುತ್ತದೆ. ಸಾದಾ ಪಿವಿಸಿ ಬಿಸಿಗೆ ಬಾಗುತ್ತದೆ, ಸಿಪಿವಿಸಿಯನ್ನೇ ಹಾಕಿಸಿ. ಮನೆಗೆ ಪ್ರೆಷರ್ ಪಂಪ್ ಇದ್ದರೆ ಮೊದಲೇ ಹೇಳಿ: ಸಾಮಾನ್ಯ ಟ್ಯಾಂಕ್ ಆ ಒತ್ತಡಕ್ಕೆ ಸೀಳುತ್ತದೆ, ಪ್ರೆಷರ್ ಮಾದರಿಯೇ ಬೇಕು. ಬಿಸಿಲಲ್ಲಿ ಖಾಲಿ ನಿಂತ ಟ್ಯೂಬಿಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ, ಮುಂಜಾನೆ ತುಂಬಿಸಿ.

ಮಳೆಗಾಲಕ್ಕೆ ಟ್ಯಾಂಕಿನೊಳಗೆ 2 ಕಿಲೋವ್ಯಾಟ್ ಕರೆಂಟ್ ಕಾಯಿಲ್ ಇಟ್ಟರೆ 200 ಲೀಟರ್ 25ರಿಂದ 45ಕ್ಕೆ ಏರಲು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ರಾತ್ರಿಯಿಡೀ ಹಾಕಿಟ್ಟರೆ ಬೆಳಗಾಗುವಾಗ ಬಿಸಿಲಿಗೆ ಕಾಯಿಸಲು ಏನೂ ಉಳಿಯದು, ಬಿಲ್ ಮಾತ್ರ ಬರುತ್ತದೆ. ನಸುಕಿನಲ್ಲಿ, ಟೈಮರ್ ಇಟ್ಟು, ಬೇಕಾದ ದಿನವಷ್ಟೇ ಹಾಕಿ.