ಚುಚ್ಚಿ ಮಾತಾಡುವ ಓರಗಿತ್ತಿಯ ಮನೆ ಹಬ್ಬಕ್ಕೆ ಬರಲ್ಲ ಅನ್ನುವುದು ಹೇಗೆ

ಮೊದಲು ಗಂಡನ ಹತ್ತಿರ ಮಾತಾಡಿ. ಅವರ ಅಣ್ಣನ ಮನೆ ಅಲ್ವಾ, ಅವರು ಮಕ್ಕಳನ್ನು ಕರೆದುಕೊಂಡು ಹೋಗಿಬರಲಿ, ಬೇಡ ಅನ್ನಬೇಡಿ.

ವರಮಹಾಲಕ್ಷ್ಮಿ ಹಬ್ಬವಾದರೆ ದಾರಿ ಸುಲಭ: "ಅಕ್ಕ, ಈ ಸಲ ನಮ್ಮನೆಯಲ್ಲೂ ಕಳಶ ಇಡ್ತಿದ್ದೀವಿ, ಬರಕ್ಕಾಗಲ್ಲ." ಇಷ್ಟೇ. ಆದರೆ ನಿಜವಾಗಿ ಇಡುವುದಾದರೆ ಮಾತ್ರ ಹೇಳಿ. ಹುಷಾರಿಲ್ಲ ಅಂತಂತೂ ಸುಳ್ಳು ಹೇಳಲೇಬೇಡಿ. ನಾನೊಮ್ಮೆ ಜ್ವರ ಅಂದಿದ್ದೆ, ಸಂಜೆ ಅತ್ತೆ ಗಂಜಿ ಡಬ್ಬಿ ಹಿಡಿದುಕೊಂಡು ಬಂದಾಗ ನಾನು ಒಲೆ ಮುಂದೆ ನಿಂತು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ.

ನಾಲ್ಕು ದಿನ ಮುಂಚೆಯೇ ಫೋನ್ ಮಾಡಿ. ಫ್ಯಾಮಿಲಿ ಗ್ರೂಪಿನಲ್ಲಿ ಬರೆದರೆ ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಪಂಚಾಯ್ತಿಗೆ ಕೂರುತ್ತಾರೆ. ಯಾಕೆ, ಏನು ಅಂತ ಕೆದಕಿದರೆ ಹೊಸ ಕಾರಣ ಹುಡುಕಬೇಡಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿ. "ಹೋದ ವರ್ಷ ಎಲ್ಲರ ಮುಂದೆ ನನ್ನ ಸೀರೆ ಬಗ್ಗೆ ನೀವು..." ಅಂತ ಮಾತ್ರ ಶುರು ಮಾಡಬೇಡಿ, ಅದು ಬೇರೆ ಜಗಳ.

ಅತ್ತೆಗೆ ಮುಂಚೆಯೇ ನಿಜ ಹೇಳಿಬಿಡುವುದು ಒಳ್ಳೆಯದು. ಗಂಡನ ಕೈಯಲ್ಲಿ ಎರಡು ಮಾರು ಮಲ್ಲಿಗೆ, ಬಾಳೆಹಣ್ಣು ಕಳಿಸಿ. ಹೂವನ್ನು ಬುಧವಾರವೇ ತಂದು ಫ್ರಿಜ್ಜಿನಲ್ಲಿಡಿ, ಗುರುವಾರ ಸಂಜೆ ರೇಟು ಕೇಳಿದರೆ ಆಗ ನಿಜವಾಗಿಯೂ ಜ್ವರ ಬರುತ್ತದೆ.