ನೋವು ಕಿವೀಲಿ, ತಪ್ಪು ದವಡೇದು: ಮೂಲ ಹುಡುಕೋದು ಹೇಗೆ?

ಕಿವಿ ನೋವು ಅಂತ ನಾನು ಎರಡು ವಾರ ಡ್ರಾಪ್ಸ್ ಹಾಕ್ಕೊಂಡೆ, ಕಿವೀಲಿ ಏನೂ ಇರ್ಲಿಲ್ಲ, ರಾತ್ರಿ ನಿದ್ದೇಲಿ ಕಟಕಟ ಹಲ್ಲು ಕಡೀತಿದ್ದೆ ಅಷ್ಟೇ, ಅದನ್ನ ಕಂಡುಹಿಡಿದಿದ್ದೂ ಡಾಕ್ಟರಲ್ಲ, ಪಕ್ಕದಲ್ಲಿ ನಿದ್ದೆಗೆಟ್ಟ ನನ್ನ ಹೆಂಡ್ತಿ. ಮುಖ, ಹಲ್ಲು, ದವಡೆ ಕೀಲು, ಕಿವಿ ಮುಂಭಾಗ, ಇಷ್ಟರ ಸುದ್ದೀನೂ ಮಿದುಳಿಗೆ ಮುಟ್ಟಿಸೋದು ಟ್ರೈಜೆಮಿನಲ್ ಅನ್ನೋ ಒಂದೇ ನರ, ಅದಕ್ಕೇ ಈ ಗೊಂದಲ. ಎಲ್ಲಿ ನೋಯ್ತಿದೆ ಅನ್ನೋದಕ್ಕಿಂತ ಯಾವಾಗ, ಏನು ಮಾಡಿದಾಗ ಅನ್ನೋದನ್ನ ಒಂದು ವಾರ ಮೊಬೈಲಲ್ಲಿ ಬರ್ಕೊಳ್ಳಿ.

ಮೊದಲು ಹಲ್ಲು. ಐಸ್ ನೀರಿಗೆ ಜುಂ ಅಂದು ತಕ್ಷಣ ಹೋದ್ರೆ ಗಾಬರಿ ಬೇಡ, ನುಂಗಿ ಅರ್ಧ ನಿಮಿಷ ಆದ್ರೂ ಸೆಳೀತಾನೇ ಇದ್ರೆ ಒಳಗಿನ ನರಕ್ಕೆ ತೊಂದರೆ ಆಗಿರುತ್ತೆ. ಚಕ್ಕುಲಿ ಕಚ್ಚಿ ಬಿಟ್ಟ ಕ್ಷಣ ಚಳಕ್ ಅಂದ್ರೆ ಹಲ್ಲು ಸೀಳಿರಬಹುದು, ಎಷ್ಟೋ ಸಲ ಎಕ್ಸ್‌ರೇಲೂ ಕಾಣಲ್ಲ, ಹಾಗಾಗಿ ನೋವು ಕಚ್ಚಿದಾಗಲೋ ಬಿಟ್ಟಾಗಲೋ ಅಂತ ಡೆಂಟಿಸ್ಟ್‌ಗೆ ಬಿಡಿಸಿ ಹೇಳಿ.

ಮೇಲಿನ ಮೂರ್ನಾಲ್ಕು ಹಲ್ಲು ಒಟ್ಟಿಗೇ ನೋಯ್ತಿದ್ದು, ಮೂಗೂ ಕಟ್ಟಿ, ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದ್ರೆ ಕೆನ್ನೆ ಭಾರ ಆಗುತ್ತಾ? ಸೈನಸ್ ಇರಬಹುದು, ಹಲ್ಲು ಕೀಳಿಸೋ ಅವಸರ ಬೇಡ.

ಆಮೇಲೆ ಕೀಲು. ಕನ್ನಡಿ ಮುಂದೆ ನಿಂತು ಎರಡೂ ಕಿವಿ ಮುಂದೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆಗೀರಿ, ದವಡೆ ನೇರ ಇಳಿಯುತ್ತಾ ಸೊಟ್ಟ ಹೋಗುತ್ತಾ ನೋಡಿ. ನೋವಿಲ್ಲದೆ ಬರೀ ಟಕ್ ಅನ್ನೋದು ತುಂಬಾ ಜನಕ್ಕೆ ಇರುತ್ತೆ, ಬಿಡಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ಮಧ್ಯೆ ಇಡಿ, ಸಾಮಾನ್ಯವಾಗಿ ಹಿಡಿಸ್ಬೇಕು, ಎರಡಕ್ಕೇ ನಿಂತ್ರೆ ತೋರಿಸಿ. ಗುಟ್ಕಾ, ಅಡಿಕೆ ಹಾಕೋರಿಗೆ ಬಾಯಿ ತೆಗೆಯೋಕಾಗ್ದೆ ಖಾರ ತಿಂದ್ರೆ ಉರೀತಿದ್ರೆ ಕೀಲಿನ ಮೇಲೆ ಹಾಕ್ಬೇಡಿ, ಅದು ಬಾಯೊಳಗಿನ ಪದರ ಗಟ್ಟಿಯಾಗೋ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಬೆಳಿಗ್ಗೆ ಏಳುವಾಗಲೇ ದವಡೆ ಬಿಗಿ, ಹಣೆ ಪಕ್ಕ ನೋವು ಅನ್ನೋರು ಬಹುಶಃ ನನ್ನ ಪಾರ್ಟಿ, ಅಂದ್ರೆ ನಿದ್ದೇಲಿ ಹಲ್ಲು ಕಡಿಯೋರು.

ಉಪ್ಪಿನಕಾಯಿ ನಾಲಿಗೆಗೆ ತಾಗಿದ ಕೂಡ್ಲೇ ದವಡೆ ಕೆಳಗೆ ಉಬ್ಬಿ ನೋವು ಬಂದು, ಊಟ ಆದ್ಮೇಲೆ ನಿಧಾನಕ್ಕೆ ಇಳಿದ್ರೆ ಜೊಲ್ಲಿನ ಗ್ರಂಥೀಲಿ ಕಲ್ಲಿನ ಅನುಮಾನ.

ಮುಖ ತೊಳೆಯುವಾಗ, ಫ್ಯಾನ್ ಗಾಳಿ ಸೋಕಿದ್ರೂ ಒಂದೇ ಪಕ್ಕ ಕರೆಂಟ್ ಹೊಡೆದ ಹಾಗೆ ಕೆಲವೇ ಸೆಕೆಂಡು ಬಂದು ಹೋಗೋದು ಟ್ರೈಜೆಮಿನಲ್ ನ್ಯೂರಾಲ್ಜಿಯಾದ ಲಕ್ಷಣ. ಮಾಮೂಲಿ ಪೇನ್‌ಕಿಲ್ಲರ್ ಇದಕ್ಕೆ ನಾಟಲ್ಲ, ಡಾಕ್ಟರು ಸಾಮಾನ್ಯವಾಗಿ ಶುರು ಮಾಡೋದು ಫಿಟ್ಸ್‌ಗೂ ಕೊಡೋ ಕಾರ್ಬಮಜೆಪಿನ್. ಗೊತ್ತಾಗದೆ ಒಳ್ಳೇ ಹಲ್ಲು ಕೀಳಿಸ್ಕೊಂಡೋರಿದ್ದಾರೆ, ಪಾಪ.

ಎರಡು ವಿಷಯಕ್ಕೆ ಮಾತ್ರ ಡೈರಿ ಗೀರಿ ಬರೀತಾ ಕೂರ್ಬೇಡಿ. ಮೆಟ್ಟಿಲು ಹತ್ತಿದಾಗ ದವಡೆ ಹಿಡ್ಕೊಂಡು, ಬೆವರು, ಏದುಸಿರು ಬಂದ್ರೆ ಹೃದಯ ಇರಬಹುದು, 108ಕ್ಕೆ ಫೋನ್ ಮಾಡಿ. ವಯಸ್ಸು 50 ದಾಟಿದ್ದು, ನಾಲ್ಕು ತುತ್ತು ಅಗಿಯೋಷ್ಟರಲ್ಲಿ ದವಡೆ ಸೋತು ನೋವು, ತಲೆ ಬಾಚಿದ್ರೂ ನೋವು, ಕಣ್ಣು ಮಂಜು ಅಂದ್ರೆ ತಲೆಯ ರಕ್ತನಾಳ ಊದಿರಬಹುದು, ಕಣ್ಣೇ ಹೋಗೋ ಅಪಾಯ ಇದೆ, ಅದೇ ದಿನ ಆಸ್ಪತ್ರೆಗೆ ಹೋಗಿ, ಮೈಯಲ್ಲಿ ಉರಿಯೂತ ಇದೆಯಾ ಅಂತ ರಕ್ತದಲ್ಲಿ ನೋಡೋ ಇಎಸ್‌ಆರ್, ಸಿಆರ್‌ಪಿ ಟೆಸ್ಟ್ ಬೇಕಾ ಅಂತ ಕೇಳಿ.