ಕೋಶಪೊರೆಯ ಪ್ರೋಟೀನಿಗೆ ವೆಸ್ಟರ್ನ್ ಬ್ಲಾಟ್: ಸ್ಯಾಂಪಲ್ ಕುದಿಸಬೇಡಿ

ವೆಸ್ಟರ್ನ್ ಬ್ಲಾಟ್ ಎಂದರೆ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದಂತೆ ಬೇರ್ಪಡಿಸಿ, ಹಾಳೆಗೆ ಇಳಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುವ ವಿಧಾನ. ಕೋಶದ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪ್ ಆದ ಸೋಡಿಯಂ-ಪೊಟ್ಯಾಸಿಯಂ ಎಟಿಪೇಸ್‌ನ ಆಲ್ಫಾ-1 ಸರಪಳಿ ಕೋಶಪೊರೆಯನ್ನು 10 ಸಲ ಹಾಯುತ್ತದೆ. ಇಂಥ ಪ್ರೋಟೀನನ್ನು ರೂಢಿಯಂತೆ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿದರೆ, ನೀರಿಗೆ ಒಗ್ಗದ ಭಾಗಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಗಂಟು ಜೆಲ್ಲಿನೊಳಗೆ ಇಳಿಯುವುದಿಲ್ಲ. 100 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಆಸುಪಾಸಿನಲ್ಲಿ ಬರಬೇಕಾದ ಬ್ಯಾಂಡ್ ಕಾಣದೆ, ಜೆಲ್ಲಿನ ತಲೆಯಲ್ಲಿ ಮಸಿ ಬಳಿದಂತಿರುತ್ತದೆ. ಅದನ್ನು ನೋಡಿ ಆಂಟಿಬಾಡಿಯೇ ಕೆಟ್ಟಿದೆ ಎಂದು ಎಸೆಯಬೇಡಿ; ಮೊದಲು ಬಿಸಿ ಕಡಿಮೆ ಮಾಡಿ ನೋಡಿ.

ಕೋಶಗಳನ್ನು ಐಸ್ ಮೇಲಿಟ್ಟು, ಪ್ರೋಟಿಯೇಸ್ ಇನ್ಹಿಬಿಟರ್ (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ವಸ್ತು) ಬೆರೆಸಿದ, ಡಿಟರ್ಜೆಂಟ್ ಇರುವ ರಿಪಾ ಬಫರಿನಲ್ಲಿ 30 ನಿಮಿಷ ಬಿಡಿ. ಡಿಟರ್ಜೆಂಟ್ ಇಲ್ಲದ ಬಫರ್ ಆದರೆ ಸೆಂಟ್ರಿಫ್ಯೂಜ್ ತಿರುಗಿಸಿದಾಗ ಪೊರೆಯ ಚೂರುಗಳು ತಳಕ್ಕಿಳಿಯುತ್ತವೆ, ನಿಮಗೆ ಬೇಕಾದದ್ದೇ ಕಸಕ್ಕೆ ಹೋಗುತ್ತದೆ. ಜೆಲ್ಲಿನ ಒಂದೊಂದು ಲೇನಿಗೆ (ಸ್ಯಾಂಪಲ್ ಓಡುವ ಸಾಲು) 20 ಮೈಕ್ರೋಗ್ರಾಂ ಪ್ರೋಟೀನ್ ಸಾಕು. ಲೆಮ್ಲಿ ಬಫರ್ (ಜೆಲ್ಲಿಗೆ ಹಾಕುವ ಮುನ್ನ ಬೆರೆಸುವ ದ್ರಾವಣ) ಸೇರಿಸಿ 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ತಡಮಾಡದೆ ಶೇ. 8ರ ಜೆಲ್ಲಿಗೆ ಹಾಕಿ. ಕುದಿಸಿದ ಸ್ಯಾಂಪಲ್ಲನ್ನೂ ಪಕ್ಕದ ಲೇನಿನಲ್ಲಿ ಓಡಿಸಿದರೆ ಅನುಮಾನಕ್ಕೆ ಎಡೆಯಿರದು. ಸ್ಯಾಂಪಲ್ ಲೋಳೆಯಂತೆ ಎಳೆಯುತ್ತಿದ್ದರೆ ಅದು ಡಿಎನ್‌ಎ; ಸ್ವಲ್ಪ ಹೊತ್ತು ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಅದನ್ನು ಚೂರುಮಾಡಿ).

ಜೆಲ್ಲಿನಲ್ಲಿ ಓಡಿದ ಪ್ರೋಟೀನನ್ನು ಇಳಿಸಿಕೊಳ್ಳುವ ಪಿವಿಡಿಎಫ್ ಹಾಳೆಯನ್ನು ಮೆಥನಾಲಿನಲ್ಲಿ 30 ಸೆಕೆಂಡ್ ನೆನೆಸಿಯೇ ಬಳಸಬೇಕು. ಟ್ರಾನ್ಸ್‌ಫರ್ ಬಫರಿನ ಮೆಥನಾಲನ್ನು ಶೇ. 20ರಿಂದ 10ಕ್ಕೆ ಇಳಿಸಿದರೆ ದೊಡ್ಡ ಪ್ರೋಟೀನ್ ಜೆಲ್ಲಿನಿಂದ ಸಲೀಸಾಗಿ ಹೊರಬರುತ್ತದೆ. ಶೇ. 5ರ ಕೆನೆರಹಿತ ಹಾಲಿನಪುಡಿಯಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ (ಹಾಳೆಯ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಂತೆ). ಮೊದಲ ಆಂಟಿಬಾಡಿಯನ್ನು 1:1000ರಿಂದ ಶುರುಮಾಡಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ; ಟಿಬಿಎಸ್‌ಟಿಯಲ್ಲಿ (ಟ್ವೀನ್ ಡಿಟರ್ಜೆಂಟ್ ಬೆರೆಸಿದ ಉಪ್ಪಿನ ಬಫರ್) ಹತ್ತು ಹತ್ತು ನಿಮಿಷ ಮೂರು ಸಲ ತೊಳೆಯಿರಿ. ಎಚ್‌ಆರ್‌ಪಿ (ಬ್ಯಾಂಡ್ ಕಾಣುವಂತೆ ಮಾಡುವ ಕಿಣ್ವ) ಹಚ್ಚಿದ, ಮೊದಲನೆಯದಕ್ಕೆ ಅಂಟುವ ಎರಡನೆಯ ಆಂಟಿಬಾಡಿ 1:5000, ಒಂದು ಗಂಟೆ, ಮತ್ತೆ ಅಷ್ಟೇ ತೊಳೆತ. ಎರಡನೆಯದರ ದ್ರಾವಣದಲ್ಲಿ ಸೋಡಿಯಂ ಅಜೈಡ್ ಇರಬಾರದು, ಅದು ಎಚ್‌ಆರ್‌ಪಿ ಕಿಣ್ವವನ್ನು ತಡೆಯುತ್ತದೆ.

ಇದೇ ಪಂಪಿನ ಬೀಟಾ-1 ಸರಪಳಿಯನ್ನು ಹುಡುಕುವವರಿಗೆ ಬೇರೆ ತೊಡಕು. ಅದರ ಮೈಗೆ ಸಕ್ಕರೆ ಅಂಟಿರುವುದರಿಂದ ಲೆಕ್ಕದ 35ರ ಬದಲು 40-60 ಕಿಲೋಡಾಲ್ಟನ್ ನಡುವೆ ಅಗಲವಾಗಿ ಹರಡಿಕೊಳ್ಳುತ್ತದೆ. ಪಿಎನ್‌ಜಿಯೇಸ್ ಎಫ್ ಎಂಬ ಕಿಣ್ವ ಹಾಕಿ ಸಕ್ಕರೆ ಕಳಚಿ. ಬ್ಯಾಂಡ್ ಕೆಳಗಿಳಿದು ತೆಳುವಾದರೆ ಅದು ಸಕ್ಕರೆಯ ಕೆಲಸವೇ. ಆದರೂ ಆಂಟಿಬಾಡಿ ಹಿಡಿದದ್ದು ಬೀಟಾ-1ನ್ನೇ ಎಂದು ಹೇಳಬೇಕಾದರೆ ಆ ಜೀನ್ ತೆಗೆದ ಕೋಶಗಳ ಲೇನ್ ಖಾಲಿ ಬರಬೇಕು.

ಬ್ಲಾಟ್ ಬದಲು ಆಂಟಿಬಾಡಿಯಿಂದ ಜೀವಂತ ಕೋಶಕ್ಕೆ ಬಣ್ಣ ಹಚ್ಚುವುದಾದರೆ ಆಂಟಿಬಾಡಿ ಹಿಡಿಯುವ ತುಣುಕು ಪೊರೆಯ ಹೊರಮೈಯಲ್ಲಿದೆಯೇ ಎಂದು ಡೇಟಾಶೀಟಿನಲ್ಲಿ ನೋಡಿ. ಒಳಗಿದ್ದರೆ ಕೋಶವನ್ನು ಫಿಕ್ಸ್ ಮಾಡಿ (ಇದ್ದಂತೆಯೇ ಗಟ್ಟಿಮಾಡಿ) ಪೊರೆಗೆ ಸಪೋನಿನ್‌ನಿಂದ ರಂಧ್ರ ಮಾಡದೆ ಆಂಟಿಬಾಡಿ ಅಲ್ಲಿಗೆ ತಲುಪದು.